ಎಡಗಡೆ ಅಗಿಯಬೇಡಿ ಎಂದಿದ್ದೆ, ಅಗಿಯಿರಿ ಎಂದು ಹೇಳಿರಲಿಲ್ಲ: ಒಂದು ರೂಟ್ ಕೆನಾಲ್ ಪ್ರಕರಣ

ಅವರು ಒಳಗೆ ಬಂದಾಗ ಕೈಯಲ್ಲಿ ನೀರಿನ ಬಾಟಲಿ ಇತ್ತು. ಹೆಸರು ಕೇಳಿದೆ. ಬೆರಳೆತ್ತಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದರು. ಬಾಯಿ ತುಂಬ ತಣ್ಣೀರು. ಅದನ್ನು ನುಂಗಿ, ಹೆಸರು ಹೇಳಿ, ಮತ್ತೊಂದು ಗುಟುಕು ತುಂಬಿಕೊಂಡರು. ಒಂದೆರಡು ನಿಮಿಷಕ್ಕೆ ಆ ನೀರು ಬಾಯಲ್ಲೇ ಬೆಚ್ಚಗಾಗುತ್ತಿತ್ತು. ಆಗ ಕೆನ್ನೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಮತ್ತೆ ಒಂದು ಗುಟುಕು.

ವಯಸ್ಸು 38. ಶಾಲೆಯಲ್ಲಿ ಪಾಠ ಮಾಡುತ್ತಾರೆ. ಮಾತೇ ಅವರ ಕೆಲಸ. ನಾಲ್ಕು ದಿನದಿಂದ ಬಾಯಲ್ಲಿ ನೀರಿಟ್ಟುಕೊಂಡೇ ತರಗತಿಯಲ್ಲಿ ನಿಂತಿದ್ದರಂತೆ. ಪಾಠವನ್ನೆಲ್ಲ ಬೋರ್ಡ್ ಮೇಲೆ ಬರೆದು, ನೋಡಿ ಬರೆದುಕೊಳ್ಳಿ ಎಂದು ಮಕ್ಕಳಿಗೆ ಕೈ ತೋರಿಸುತ್ತಿದ್ದರಂತೆ.

ನಾನು ಹಲ್ಲಿನ ಡಾಕ್ಟರ್. ರೂಟ್ ಕೆನಾಲ್ ಅಂದರೆ ಹಲ್ಲಿನ ಒಳಗಿನ ನರ ತೆಗೆದು, ಆ ಜಾಗವನ್ನು ತೊಳೆದು ತುಂಬುವುದು. ಅದು ಸರಿಹೋಯಿತೋ ಇಲ್ಲವೋ ಎಂದು ಎಕ್ಸ್-ರೇ ನೋಡಿ ಹೇಳುವುದು ನಮ್ಮ ರೂಢಿ. ಬೇರಿನ ತುದಿಯ ಸುತ್ತ ಮೂಳೆ ಚೆನ್ನಾಗಿದೆ, ಒಳಗೆ ತುಂಬಿದ್ದು ಸರಿಯಾಗಿ ಕೂತಿದೆ ಅಂದರೆ ಕೆಲಸ ಮುಗಿಯಿತು. ಈ ಪ್ರಕರಣದಲ್ಲಿ ನಾನು ತೆಗೆದ ಎಕ್ಸ್-ರೇಗಳೆಲ್ಲ ಚೆನ್ನಾಗಿದ್ದವು. ಆದರೂ ಆರು ತಿಂಗಳ ನಂತರವೂ ಅವರು ಪೂರ್ತಿ ಸರಿಹೋಗಿರಲಿಲ್ಲ. ಯಾಕೆ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬರುವ ಮುಂಚಿನ ಮೂರು ವಾರ

ಶುರುವಾಗಿದ್ದು ತಣ್ಣಗಿನದು ತಾಗಿದರೆ ಜುಮ್ ಅನ್ನುವುದರಿಂದ. ಆಗ ಅದು ಎರಡು ಕ್ಷಣಕ್ಕೆ ಹೋಗುತ್ತಿತ್ತು. ಒಂದು ವಾರದಲ್ಲಿ ಜುಮ್ ಅನ್ನುವುದು ನಿಲ್ಲದೆ ಹತ್ತು ನಿಮಿಷ ಎಳೆಯತೊಡಗಿತು. ಆಮೇಲೆ ಯಾವುದೂ ತಾಗದಿದ್ದರೂ ತಾನಾಗಿಯೇ ನೋವು. ಅದೂ ರಾತ್ರಿ ಮಲಗಿದ ಕೂಡಲೇ.

ಮಲಗಿದರೆ ನೋವು ಯಾಕೆ ಜಾಸ್ತಿ ಎಂದು ತುಂಬಾ ಜನ ಕೇಳುತ್ತಾರೆ. ದೇಹದಲ್ಲಿ ಬೇರೆ ಹೆಚ್ಚಿನ ಕಡೆ ಬಾವು ಬಂದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ಹಲ್ಲಿನ ಒಳಗಿನ ಮೆತ್ತನೆಯ ಭಾಗದಲ್ಲಿ ರಕ್ತನಾಳ, ನರ ಎಲ್ಲ ಇವೆ. ಆದರೆ ಸುತ್ತ ಗಟ್ಟಿ ಗೋಡೆ. ಬಾವು ಬಂದರೆ ಉಬ್ಬಲು ಜಾಗವೇ ಇಲ್ಲ. ಒತ್ತಡವೆಲ್ಲ ನರದ ಮೇಲೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಏರುತ್ತದೆ. ಮೊದಲೇ ಬಿಗಿದಿದ್ದ ಜಾಗದಲ್ಲಿ ಆ ಸ್ವಲ್ಪವೇ ಸಾಕು. ಅವರು ಎರಡು ದಿಂಬು ಇಟ್ಟು ನೋಡಿದ್ದರು, ಕುರ್ಚಿಯಲ್ಲಿ ಕೂತು ನಿದ್ದೆ ಮಾಡಲು ನೋಡಿದ್ದರು. ರಾತ್ರಿ ಒಂದೂವರೆ ಗಂಟೆಯಷ್ಟು ನಿದ್ದೆಯಾದರೆ ಅದೇ ದೊಡ್ಡದು ಎಂದರು.

ಮೊದಲ ಕೆಲವು ದಿನ ಅವರು ಇದನ್ನು ಹಲ್ಲುನೋವು ಎಂದುಕೊಂಡಿರಲೇ ಇಲ್ಲ. ಎಡಗಿವಿ ನೋವು ಎಂದು ಕಿವಿಯ ಡಾಕ್ಟರ ಹತ್ತಿರ ಹೋಗಿದ್ದರು. ಕಿವಿ ಚೆನ್ನಾಗಿತ್ತು. ಇದು ಅಪರೂಪವೇನಲ್ಲ. ಹಲ್ಲಿನ ಒಳಗಿನ ನರಕ್ಕೆ ನೋವು ಗೊತ್ತಾಗುತ್ತದೆ, ಯಾವ ಹಲ್ಲು ಅಂತ ಹೇಳಲು ಬರುವುದಿಲ್ಲ. ಕೆಳಗಿನ ದವಡೆ ಹಲ್ಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಬಾವು ಬೇರಿನ ತುದಿ ದಾಟಿ, ಹಲ್ಲನ್ನು ಮೂಳೆಗೆ ಹಿಡಿದಿಟ್ಟಿರುವ ತೆಳು ಪದರಕ್ಕೆ ತಲುಪಿದ ಮೇಲಷ್ಟೇ ‘ಇದೇ ಹಲ್ಲು’ ಎಂದು ಬೆರಳಿಟ್ಟು ತೋರಿಸಲು ಸಾಧ್ಯ.

ಮಧ್ಯದಲ್ಲಿ ಯಾರೋ ಹೇಳಿದರೆಂದು ಐದು ದಿನ ಆ್ಯಂಟಿಬಯಾಟಿಕ್ ನುಂಗಿದ್ದರು. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಸೋಂಕಿನ ಮೇಲೆ, ಈ ಹಂತದ ನೋವು ಹಲ್ಲಿನೊಳಗಿನ ಬಾವಿನದು. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿ, ಆರೋಗ್ಯವಂತ ದೊಡ್ಡವರಿಗೆ ಇಂಥ ನೋವಿಗೆ ಆ್ಯಂಟಿಬಯಾಟಿಕ್ ಬೇಡ ಎಂದೇ ಹೇಳುತ್ತದೆ. ಐದು ದಿನ ಕಾದಿದ್ದಷ್ಟೇ ಬಂತು.

ನಾಲ್ಕು ದಿನದ ಹಿಂದೆ ನೋವು ಮತ್ತೆ ಬದಲಾಗಿತ್ತು. ಈಗ ಬಿಸಿ ತಾಗಿದರೆ ಸಾಯುವಷ್ಟು ನೋವು, ತಣ್ಣೀರು ಹಿಡಿದರೆ ಸಮಾಧಾನ. ಒಳಗಿನ ನರ ಸಾಯುವ ದಾರಿಯಲ್ಲಿದೆ ಎನ್ನುವುದಕ್ಕೆ ಇದು ಹಳೆಯ ಗುರುತು. ಆ ಬಾಟಲಿ ಕಂಡಾಗಲೇ ನನಗೆ ಅರ್ಧ ಗೊತ್ತಾಗಿತ್ತು.

ನೋಡಿದಾಗ ಕೆಳಗಿನ ಎಡ ಮೊದಲ ದವಡೆ ಹಲ್ಲು. ಅದರಲ್ಲಿ ಒಂಬತ್ತು ವರ್ಷದ ಹಿಂದೆ ತುಂಬಿಸಿದ ದೊಡ್ಡ ಫಿಲ್ಲಿಂಗ್. ಅದರ ಅಡಿಯಲ್ಲಿ ಹೊಸ ಹುಳುಕು, ಒಳಗಿನವರೆಗೂ. ಮೆಲ್ಲಗೆ ತಟ್ಟಿದರೆ ನೋವು. ಬೇರಿನ ತುದಿಯ ಮೂಳೆ ಇನ್ನೂ ಹಾಳಾಗಿರಲಿಲ್ಲ.

‘ಕಿತ್ತು ಹಾಕಿಬಿಡಿ ಡಾಕ್ಟ್ರೇ. ನನಗೆ ಈ ಹಲ್ಲೇ ಬೇಡ’ ಎಂದರು.

ಮೂರು ವಾರ ನಿದ್ದೆಗೆಟ್ಟವರು ಇನ್ನೇನು ಹೇಳಿಯಾರು? ಆ ಹೊತ್ತಿನಲ್ಲಿ ಯಾರಿಗೂ ಸರಿಯಾಗಿ ಯೋಚಿಸಲು ಆಗುವುದಿಲ್ಲ. ‘ಮೇಡಂ, ಮೊದಲು ನೋವು ನಿಲ್ಲಿಸೋಣ. ಹಲ್ಲು ಇಟ್ಟುಕೊಳ್ಳುವುದೋ ಬಿಡುವುದೋ ನಿದ್ದೆ ಮಾಡಿದ ಮೇಲೆ ಹೇಳಿ. ಇವತ್ತು ಒಳಗಿನ ನರ ತೆಗೆದರೆ ಎರಡು ದಾರಿಯೂ ತೆರೆದೇ ಇರುತ್ತವೆ’ ಎಂದೆ. ಒಪ್ಪಿದರು.

ಹದಿನಾಲ್ಕು ಪ್ರಶ್ನೆ, ಜೊತೆಗೆ ಒಂದು

ಇಂಜೆಕ್ಷನ್ ಸಿದ್ಧವಾಗುವಷ್ಟರಲ್ಲಿ ಒಂದು ಹಾಳೆ ಕೊಟ್ಟೆ. ಅದರಲ್ಲಿ ಹದಿನಾಲ್ಕು ಪ್ರಶ್ನೆ. ಇದನ್ನು ಓಹಿಪ್-14 ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಗ್ಯಾರಿ ಸ್ಲೇಡ್ ಮತ್ತು ಜಾನ್ ಸ್ಪೆನ್ಸರ್ 1994ರಲ್ಲಿ 49 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಸ್ಲೇಡ್ 1997ರಲ್ಲಿ ಅದನ್ನು ಹದಿನಾಲ್ಕಕ್ಕೆ ಇಳಿಸಿದರು. ಬಾಯಿಯ ತೊಂದರೆಯಿಂದ ಮಾತು ಕಷ್ಟವಾಯಿತಾ, ರುಚಿ ಕೆಟ್ಟಿತಾ, ಊಟ ಅರ್ಧಕ್ಕೆ ಬಿಟ್ಟಿರಾ, ಸಿಡುಕಿದಿರಾ, ಕೆಲಸಕ್ಕೆ ತೊಂದರೆಯಾಯಿತಾ ಎಂಬಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. 0 ಅಂದರೆ ಎಂದೂ ಇಲ್ಲ, 4 ಅಂದರೆ ಪದೇ ಪದೇ. ಒಟ್ಟು 56. ಜಾಸ್ತಿ ಬಂದಷ್ಟೂ ಬದುಕಿಗೆ ಹಲ್ಲಿನ ಕಾಟ ಜಾಸ್ತಿ. ಮೂಲದಲ್ಲಿ ಕಳೆದ ಒಂದು ವರ್ಷವನ್ನು ನೆನೆದು ಬರೆಯಬೇಕು. ನಾನು ಕಳೆದ ಒಂದು ವಾರ ಎಂದು ಬದಲಿಸಿ ಕೇಳುತ್ತೇನೆ. ಇಲ್ಲವಾದರೆ ಚಿಕಿತ್ಸೆಗೆ ಮುಂಚಿನದು, ಆಮೇಲಿನದು ಎಲ್ಲ ಒಂದಕ್ಕೊಂದು ಬೆರೆತುಹೋಗುತ್ತದೆ.

ಹಾಳೆ ತುಂಬಿಸಲು ಬಾಯಿ ಬೇಕಿಲ್ಲ. ಆ ಹೊತ್ತಿಗೆ ಅದೇ ಅವರಿಗೆ ಅನುಕೂಲವಾಯಿತು.

ಒಟ್ಟು 36 ಬಂತು. ನೋವಿಗೆ 4, ಊಟದ ಕಷ್ಟಕ್ಕೆ 4. ಅವು ನಿರೀಕ್ಷಿಸಿದ್ದೇ. ಮೂರನೆಯ 4 ಇದ್ದದ್ದು ಬೇರೆಯವರ ಮೇಲೆ ಸಿಡುಕಿದಿರಾ ಎಂಬ ಪ್ರಶ್ನೆಗೆ. ಅದರ ಪಕ್ಕದಲ್ಲಿ ಸಣ್ಣದಾಗಿ ‘ಮಕ್ಕಳ ಮೇಲೆ’ ಎಂದು ಬರೆದಿದ್ದರು. ಆಮೇಲೆ ಹೇಳಿದರು: ತರಗತಿಯಲ್ಲಿ ಒಬ್ಬ ಹುಡುಗ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ. ಉತ್ತರ ಕೊಡಬೇಕಾದರೆ ಬಾಯಲ್ಲಿದ್ದ ನೀರು ನುಂಗಬೇಕಿತ್ತು. ನುಂಗಿ, ಅವನನ್ನು ಜೋರಾಗಿ ಬೈದರು. ಆಮೇಲೆ ಅವನು ಏನನ್ನೂ ಕೇಳಲಿಲ್ಲವಂತೆ. ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಹಲ್ಲು ನೋವಿಗೆ ಅತ್ತದ್ದಲ್ಲ ಅದು.

ಈ ಹದಿನಾಲ್ಕರಲ್ಲಿ ನಿದ್ದೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. 49ರ ಉದ್ದ ಪಟ್ಟಿಯಲ್ಲಿ ಇತ್ತು, ಚಿಕ್ಕದು ಮಾಡುವಾಗ ಬಿಟ್ಟುಹೋಯಿತು. ಬೇರೆ ತೊಂದರೆಗಳಿಗೆ ಪರವಾಗಿಲ್ಲವೇನೋ. ಹಲ್ಲಿನ ನರದ ನೋವು ಬಂದವರಿಗೆ ಮೊದಲು ಹೋಗುವುದೇ ನಿದ್ದೆ. ಹಾಗಾಗಿ ಹಾಳೆಯ ಕೆಳಗೆ ನಾನೇ ಪೆನ್ನಿನಲ್ಲಿ ಹದಿನೈದನೆಯದನ್ನು ಬರೆದೆ: ನಿದ್ದೆ ಕೆಟ್ಟಿತಾ? ಅವರು 4 ಹಾಕಿ ಅದಕ್ಕೆ ಎರಡು ಸಲ ಗೆರೆ ಎಳೆದರು. ಒಟ್ಟು ಅಂಕಕ್ಕೆ ಇದನ್ನು ಸೇರಿಸಿಲ್ಲ.

ತುಟಿ ಮರಗಟ್ಟಿತು, ಹಲ್ಲು ಮರಗಟ್ಟಲಿಲ್ಲ

ಕೆಳದವಡೆಯ ನರಕ್ಕೆ ಇಂಜೆಕ್ಷನ್ ಕೊಟ್ಟೆ. ಹತ್ತು ನಿಮಿಷದಲ್ಲಿ ಎಡಗಡೆ ಕೆಳದುಟಿ ಪೂರ್ತಿ ಮರಗಟ್ಟಿತು. ರಬ್ಬರ್ ಡ್ಯಾಮ್ ಹಾಕಿದೆ. ಹಲ್ಲೊಂದನ್ನೇ ಹೊರಗೆ ಬಿಟ್ಟು ಉಳಿದ ಬಾಯನ್ನು ಮುಚ್ಚುವ ತೆಳು ಹಾಳೆ ಅದು, 1864ರಿಂದ ಬಳಕೆಯಲ್ಲಿದೆ. ಡ್ರಿಲ್ ಒಳಗಿನ ಪದರ ಮುಟ್ಟಿತು. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

ಬಾವು ಬಂದ ಕೆಳದವಡೆ ಹಲ್ಲಿನಲ್ಲಿ ಈ ಒಂದು ಇಂಜೆಕ್ಷನ್ ಸಾಲದೇ ಹೋಗುವುದು ನಮಗೆಲ್ಲ ಗೊತ್ತಿರುವ ವಿಷಯ. ತುಟಿ ಮರಗಟ್ಟಿದ ಮಾತ್ರಕ್ಕೆ ಹಲ್ಲು ಮರಗಟ್ಟಿದೆ ಎಂದಲ್ಲ. ಶುರು ಮಾಡುವ ಮುಂಚೆ ತಣ್ಣಗಿನದು ಮುಟ್ಟಿಸಿ ಪರೀಕ್ಷೆ ಮಾಡಬೇಕಿತ್ತು. ಅವತ್ತು ನಾನು ಮಾಡಲಿಲ್ಲ. ನಿಲ್ಲಿಸಿ, ಹಲ್ಲಿನ ಹೊರಬದಿಯ ಒಸಡಿಗೆ ಆರ್ಟಿಕೇನ್ ಎಂಬ ಮರಗಟ್ಟಿಸುವ ಔಷಧಿ ಕೊಟ್ಟೆ. ಬೇರಿನ ಸುತ್ತಲಿನ ಪದರಕ್ಕೂ ಸ್ವಲ್ಪ ಕೊಟ್ಟೆ. ಕೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ನೋವಾಗಲಿಲ್ಲ. ಆದರೆ ಆ ಮೊದಲ ಒಂದು ಕ್ಷಣ ಅವರೊಳಗೆ ಉಳಿದುಕೊಂಡಿತು. ಅದು ಆಮೇಲಿನ ಹಾಳೆಗಳಲ್ಲಿ ಕಾಣುತ್ತದೆ.

ನರ ತೆಗೆದು, ನಾಳಗಳನ್ನು ತೊಳೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿದೆ. ಹೊರಡುವಾಗ ಹೇಳಿದೆ: ‘ಇನ್ನು ಎಡಗಡೆ ಅಗಿಯಬೇಡಿ.’ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ.

ಅವತ್ತು ರಾತ್ರಿ ಒಂಬತ್ತು ಗಂಟೆ ಒಂದೇ ಸಮನೆ ನಿದ್ದೆ ಮಾಡಿದರು.

ಮರುದಿನ ಮಧ್ಯಾಹ್ನ ಫೋನ್. ‘ನರ ತೆಗೆದಿದ್ದೀನಿ ಅಂದ್ರಿ. ಮತ್ತೆ ಹಲ್ಲು ಮುಟ್ಟಿದ್ರೆ ಯಾಕೆ ನೋಯ್ತಿದೆ?’ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಮತ್ತೆ ಅದೇ ರಾತ್ರಿಗಳು ಬರುತ್ತವಾ ಎಂಬ ಭಯ.

ಇದನ್ನು ಹಿಂದಿನ ದಿನವೇ ಹೇಳಬೇಕಿತ್ತು. ಹಲ್ಲಿನ ಒಳಗಿನ ನರ ಹೋದರೂ ಬೇರಿನ ಸುತ್ತಲಿನ ಪದರದಲ್ಲಿ ನರಗಳಿವೆ. ಅಲ್ಲಿಯೂ ಬಾವು ಇದೆ, ನಾವು ಕೆಲಸ ಮಾಡಿದ್ದರಿಂದ ಇನ್ನಷ್ಟು ಕೆರಳಿದೆ. ಅದು ಇಳಿಯಲು ದಿನಗಳು ಬೇಕು. 2011ರಲ್ಲಿ ಪಾಕ್ ಮತ್ತು ವೈಟ್ ಎಂಬ ಇಬ್ಬರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಚಿಕಿತ್ಸೆಗೆ ಮುಂಚೆ ನೋವಿದ್ದವರು ನೂರಕ್ಕೆ 81. ಒಂದು ದಿನದ ನಂತರ 40. ಒಂದು ವಾರದ ನಂತರ 11. ಅಂದರೆ ಮರುದಿನ ನೋವಿದ್ದರೆ ಚಿಕಿತ್ಸೆ ಕೆಟ್ಟಿತು ಎಂದಲ್ಲ, ಹತ್ತರಲ್ಲಿ ನಾಲ್ವರಿಗೆ ಹಾಗೇ ಇರುತ್ತದೆ. ಇದನ್ನು ಫೋನಿನಲ್ಲಿ ಬಿಡಿಸಿ ಹೇಳಿದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲ ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡು, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿದೆ. ಮೂರನೇ ದಿನಕ್ಕೆ ನೋವು ಇಳಿಯಿತು.

ಎಂಟನೇ ದಿನ ಎರಡನೇ ಭೇಟಿ. ಹಾಳೆ ತುಂಬಿಸಿದರು. 36 ಇದ್ದದ್ದು 17 ಆಗಿತ್ತು. ನಿದ್ದೆ 4ರಿಂದ 1. ಹಲ್ಲು ಇಟ್ಟುಕೊಳ್ಳೋಣ ಎಂದು ಅವರೇ ಹೇಳಿದರು.

ಅವತ್ತಿನ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಈ ಸಲ ಮೊದಲು ತಣ್ಣಗಿನದು ಮುಟ್ಟಿಸಿ, ತಟ್ಟಿ ನೋಡಿ, ಏನೂ ಗೊತ್ತಾಗುತ್ತಿಲ್ಲ ಎಂದು ಅವರೇ ಹೇಳಿದ ಮೇಲೆ ಕೈ ಹಾಕಿದೆ. ನಾಲ್ಕು ನಾಳ ಸಿಕ್ಕಿದವು. ಬೇರಿನ ಉದ್ದವನ್ನು ಯಂತ್ರದಲ್ಲಿ ಅಳೆದು, ನಿಕಲ್-ಟೈಟಾನಿಯಂ ಲೋಹದ ಸಣ್ಣ ಅರಗಳಿಂದ ನಾಳಗಳನ್ನು ಅಗಲಿಸಿ, ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕದಿಂದ ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿದೆ. ಒಂದೂವರೆ ಗಂಟೆ ಹಿಡಿಯಿತು. ಹಲ್ಲಿಗಿಂತ ಬಾಯಿ ತೆರೆದೇ ಇಟ್ಟ ದವಡೆ ಜಾಸ್ತಿ ನೋಯ್ತು ಎಂದರು.

ಕ್ಯಾಪ್ ಹಾಕಿಸಲು ಏಳು ವಾರ

ನೋವು ಹೋಯಿತು, ಅವರೂ ಹೋದರು. ಎರಡು ವಾರದಲ್ಲಿ ಹಲ್ಲನ್ನು ಮೇಲಿಂದ ಪೂರ್ತಿ ಮುಚ್ಚುವ ಕ್ಯಾಪ್ ಹಾಕಿಸಿ ಎಂದಿದ್ದೆ. ಏಳು ವಾರವಾಯಿತು. ‘ಏನೂ ತೊಂದರೆ ಇರಲಿಲ್ಲ ಅಲ್ವಾ, ಅದಕ್ಕೇ ಸುಮ್ನೆ ಇದ್ದೆ’ ಎಂದರು. ಅವರನ್ನು ದೂರುವುದಿಲ್ಲ. ನೋವಿಲ್ಲದ ಹಲ್ಲಿಗಾಗಿ ಮತ್ತೆ ಆ ಕುರ್ಚಿಯಲ್ಲಿ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ಆದರೆ ಇದು ಸಣ್ಣ ವಿಷಯವಲ್ಲ. ಹುಳುಕು, ಹಳೆಯ ಫಿಲ್ಲಿಂಗ್, ನಾವು ಮಾಡಿದ ತೂತು ಎಲ್ಲ ಸೇರಿ ಹಲ್ಲಿನ ಗೋಡೆ ತೆಳ್ಳಗಾಗಿರುತ್ತದೆ. ದವಡೆ ಹಲ್ಲಿನ ಮೇಲೆ ಬೀಳುವ ಭಾರಕ್ಕೆ ಅದು ಸೀಳಿದರೆ, ಒಳಗಿನ ಕೆಲಸ ಎಷ್ಟು ಚೆನ್ನಾಗಿದ್ದರೂ ಹಲ್ಲು ಹೋಯಿತು. ಅಕ್ವಿಲಿನೊ ಮತ್ತು ಕ್ಯಾಪ್ಲನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕದ ಹಲ್ಲುಗಳು ಕ್ಯಾಪ್ ಹಾಕಿದವುಗಳಿಗಿಂತ ಆರು ಪಟ್ಟು ಹೆಚ್ಚು ಪ್ರಮಾಣದಲ್ಲಿ ಹೋಗಿದ್ದವು. ಇವರ ಹಲ್ಲು ಏಳು ವಾರ ಸೀಳದೆ ಉಳಿಯಿತು. ಯಾಕೆ ಉಳಿಯಿತು ಎಂಬುದರಲ್ಲೇ ಮುಂದಿನ ಕತೆ ಇತ್ತು. ನಾನು ಆಗ ಗಮನಿಸಲಿಲ್ಲ.

ಚಿಕಿತ್ಸೆ ಮುಗಿದು ಒಂದು ತಿಂಗಳಿಗೆ ಅವರಿಂದ ಹಾಳೆ ತುಂಬಿಸಿಕೊಂಡಿದ್ದೆ. ಒಟ್ಟು 8. ನಿದ್ದೆ 0. ಇನ್ನೂ ಕ್ಯಾಪ್ ಇರಲಿಲ್ಲ, ಹಾಗಾಗಿ ಊಟದ ಸಾಲಿನಲ್ಲಿ ಸ್ವಲ್ಪ ಅಂಕ ಇದ್ದದ್ದು ಸಹಜ ಎಂದುಕೊಂಡೆ. ಏಳನೇ ವಾರದಲ್ಲಿ ಕ್ಯಾಪ್ ಕೂರಿಸಿದೆ. ಕಚ್ಚುವುದು ಸರಿಯಾಗಿದೆಯಾ ಎಂದು ಬಣ್ಣದ ಕಾಗದ ಇಟ್ಟು ನೋಡಿದೆ. ಸರಿಯಾಗಿತ್ತು. ಆರು ತಿಂಗಳಿಗೆ ಬನ್ನಿ ಎಂದು ಕಳಿಸಿದೆ.

ಆರು ತಿಂಗಳು

ಎಕ್ಸ್-ರೇ ಚೆನ್ನಾಗಿತ್ತು. ತಟ್ಟಿದರೆ ನೋವಿಲ್ಲ, ಒತ್ತಿದರೆ ನೋವಿಲ್ಲ, ಒಸಡು ಚೆನ್ನಾಗಿದೆ. ಹಾಳೆ ತುಂಬಿಸಿದರು.

7.

ಒಂದು ತಿಂಗಳಿಗೆ 8, ಆರು ತಿಂಗಳಿಗೆ 7. ಕ್ಯಾಪ್ ಹಾಕಿದ ಮೇಲೆ ಅದು ಒಂದು, ಎರಡಕ್ಕೆ ಇಳಿಯಬೇಕಿತ್ತು. ಊಟದ ಕಷ್ಟಕ್ಕೆ 2. ತಿನ್ನುವುದು ಸಮಾಧಾನವಿಲ್ಲ ಎಂಬುದಕ್ಕೆ 2. ಆತಂಕಕ್ಕೆ 2. ಬಾಯಿಯ ಬಗ್ಗೆ ಮುಜುಗರಕ್ಕೆ 1. ನೋವಿನ ಸಾಲಿನಲ್ಲಿ ಮಾತ್ರ 0.

ಮೊದಲು ನನ್ನ ತಲೆಗೆ ಬಂದದ್ದು ಬೇರೆ. ರೂಟ್ ಕೆನಾಲ್ ಆಗಿ ಆರು ತಿಂಗಳ ಮೇಲೂ ಒಂದಲ್ಲ ಒಂದು ಕಾರಣಕ್ಕೆ ನೋವು ಉಳಿಯುವವರಿದ್ದಾರೆ. 2010ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನೂರಕ್ಕೆ ಸುಮಾರು ಐದು ಎಂದು ಕಂಡಿತ್ತು. ಇವರಿಗೂ ಹಾಗೇನಾದರೂ ಇದೆಯಾ, ಹೇಳಲು ಹಿಂಜರಿಯುತ್ತಿದ್ದಾರಾ ಎಂದು ಮತ್ತೆ ಮತ್ತೆ ಕೇಳಿದೆ. ನೋವೇ ಇಲ್ಲ ಎಂದರು. ಬೇರಿನಲ್ಲಿ ಸಣ್ಣ ಬಿರುಕು ಇರಬಹುದೇನೋ ಎಂದು ಒಂದೊಂದು ಮೂಲೆಯಲ್ಲೂ ಕಚ್ಚಿಸಿ ನೋಡಿದೆ. ಕಚ್ಚಲು ಹೇಳಿದಾಗ ಅವರು ನನ್ನ ಮುಖ ನೋಡಿದರು.

‘ಕಚ್ಚಬಹುದಾ?’

‘ಯಾಕೆ ಮೇಡಂ?’

‘ಆ ಕಡೆ ಅಗಿಯಬೇಡಿ ಅಂದಿದ್ರಲ್ಲ.’

ಆರು ತಿಂಗಳಿಂದ ಎಡಗಡೆ ಒಂದು ತುತ್ತನ್ನೂ ಅಗಿದಿರಲಿಲ್ಲ. ಗಟ್ಟಿಯಾದದ್ದನ್ನೆಲ್ಲ ಬಿಟ್ಟಿದ್ದರು. ಬಲಗಡೆಯ ದವಡೆಯ ಸ್ನಾಯು ಸಂಜೆ ಹೊತ್ತಿಗೆ ನೋಯುತ್ತಿತ್ತಂತೆ. ಎಲ್ಲರ ಜೊತೆ ಊಟಕ್ಕೆ ಕೂತರೆ ಎಲ್ಲರಿಗಿಂತ ಕೊನೆಗೆ ಮುಗಿಸುತ್ತಿದ್ದರಂತೆ. ಹಾಗಾಗಿ ಒಬ್ಬರೇ ಊಟ ಮಾಡುವುದು ರೂಢಿಯಾಗಿತ್ತು. ರೂಟ್ ಕೆನಾಲ್ ಆದ ಹಲ್ಲು ಅಂದರೆ ಇಷ್ಟೇ, ಇನ್ನು ಜೀವನವಿಡೀ ಹೀಗೆ ಎಂದುಕೊಂಡಿದ್ದರು.

ನನಗೆ ತುಂಬಾ ಬೇಸರವಾಯಿತು. ಮೊದಲ ದಿನ ಹೇಳಿದ ಮಾತು ತಾತ್ಕಾಲಿಕ ಸಿಮೆಂಟ್ ಇರುವಷ್ಟು ದಿನಕ್ಕೆ. ಕ್ಯಾಪ್ ಕೂರಿಸಿದ ದಿನ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ಕ್ಯಾಪ್ ಹಾಕಿದ ಮೇಲೆ ಅಗಿಯುತ್ತಾರೆ, ಅದನ್ನೂ ಹೇಳಬೇಕಾ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವರು ಪಾಠ ಹೇಳುವವರು, ಹೇಳಿದ್ದನ್ನು ಹೇಳಿದಂತೆ ಪಾಲಿಸಿದ್ದರು.

ಮಾತೊಂದೇ ಕಾರಣ ಎಂದೂ ನಾನು ಹೇಳುವುದಿಲ್ಲ. ಮೂರು ವಾರ ಆ ಹಲ್ಲು ಅವರನ್ನು ಎಷ್ಟು ಕಾಡಿತ್ತೆಂದರೆ, ನೋವು ಹೋದ ಮೇಲೂ ಅದನ್ನು ನಂಬಲು ಆಗುತ್ತಿರಲಿಲ್ಲ. ಕುರ್ಚಿಯಿಂದ ಎದ್ದ ಆ ಕ್ಷಣವೂ ಅದರಲ್ಲಿ ಸೇರಿತ್ತು. ನನ್ನ ಮಾತು ಆ ಭಯಕ್ಕೆ ಒಂದು ಕಾರಣ ಒದಗಿಸಿಕೊಟ್ಟಿತು. ನೋವಿಲ್ಲ ಎಂಬ 0 ನೋಡಿ ನಾನು ಸುಮ್ಮನಾಗಿದ್ದರೆ, ಬಳಸದೇ ಇರುವ ಹಲ್ಲು ನೋಯುವುದಾದರೂ ಹೇಗೆ ಎಂಬುದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಅಲ್ಲೇ ಕುರ್ಚಿಯಲ್ಲಿ ಹತ್ತಿಯ ಸುರುಳಿಯೊಂದನ್ನು ಎಡಗಡೆ ಇಟ್ಟು ಕಚ್ಚಲು ಹೇಳಿದೆ. ಮೆಲ್ಲಗೆ. ಇನ್ನೂ ಸ್ವಲ್ಪ ಜೋರಾಗಿ. ಕನ್ನಡಿ ಕೈಗೆ ಕೊಟ್ಟೆ, ಅವರೇ ನೋಡಿಕೊಳ್ಳಲಿ ಎಂದು. ಐದಾರು ಸಲ ಕಚ್ಚಿದ ಮೇಲೆ ಭುಜ ಸಡಿಲವಾಯಿತು. ಮೊದಲ ವಾರ ಮೆತ್ತನೆಯದು, ಎರಡನೇ ವಾರದಿಂದ ಮಾಮೂಲಿ ಊಟ, ಎರಡೂ ಕಡೆ ಎಂದು ಬರೆದುಕೊಟ್ಟೆ. ರೂಟ್ ಕೆನಾಲ್ ಆದ ಹಲ್ಲುಗಳು ಎಷ್ಟು ವರ್ಷ ಉಳಿಯುತ್ತವೆ ಎಂದು ಕೇಳಿದರು. ಅಮೆರಿಕದಲ್ಲಿ ವಿಮೆಯ ದಾಖಲೆಗಳಿಂದ 14 ಲಕ್ಷಕ್ಕೂ ಹೆಚ್ಚು ಇಂಥ ಹಲ್ಲುಗಳನ್ನು ನೋಡಿ 2004ರಲ್ಲಿ ಪ್ರಕಟಿಸಿದ್ದರು, ಎಂಟು ವರ್ಷದ ನಂತರವೂ ನೂರಕ್ಕೆ 97 ಬಾಯಲ್ಲೇ ಇದ್ದವು ಎಂದು ಹೇಳಿದೆ. ಅವರಿಗೆ ಆ ಲೆಕ್ಕಕ್ಕಿಂತ ಹತ್ತಿಯ ಸುರುಳಿಯೇ ಜಾಸ್ತಿ ಧೈರ್ಯ ಕೊಟ್ಟಂತೆ ಕಂಡಿತು.

ಒಂದು ವರ್ಷ

ಒಟ್ಟು 2. ಊಟಕ್ಕೆ 1, ಆತಂಕಕ್ಕೆ 1. ಎಕ್ಸ್-ರೇ ಆರು ತಿಂಗಳ ಹಿಂದೆ ಹೇಗಿತ್ತೋ ಹಾಗೇ ಇತ್ತು, ಚೆನ್ನಾಗಿತ್ತು. ಕ್ಯಾಪಿನ ಮೇಲೆ ಈಗ ಸಣ್ಣ ಸವೆತದ ಗುರುತುಗಳು ಕಾಣುತ್ತಿದ್ದವು, ಅಗಿಯುವ ಹಲ್ಲಿನ ಮೇಲೆ ಇರಬೇಕಾದಂಥವು. ಬಲದವಡೆಯ ಸ್ನಾಯು ನೋವು ಎರಡು ವಾರದಲ್ಲೇ ನಿಂತಿತ್ತಂತೆ.

ಆತಂಕದ 1 ಯಾಕೆ ಎಂದು ಕೇಳಿದೆ. ಪಕ್ಕದ ಕೋಣೆಯಿಂದ ಡ್ರಿಲ್ ಸದ್ದು ಬಂದರೆ ಈಗಲೂ ಕೈ ತಣ್ಣಗಾಗುತ್ತದೆ ಎಂದರು. ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಮುಂದೆ ಅವರಿಗೆ ಯಾವ ಹಲ್ಲಿಗೆ ಇಂಜೆಕ್ಷನ್ ಕೊಟ್ಟರೂ ಮೊದಲು ಪರೀಕ್ಷೆ ಮಾಡಿ, ಅವರು ಸರಿ ಎಂದ ಮೇಲಷ್ಟೇ ಶುರು ಮಾಡಬೇಕೆಂದು ಅದರ ಕೆಳಗೆ ಸೇರಿಸಿದೆ.

ಆ ಹುಡುಗನ ಬಗ್ಗೆಯೂ ಕೇಳಿದೆ. ನರ ತೆಗೆಸಿಕೊಂಡ ಮೂರನೇ ದಿನವೇ ಅವನನ್ನು ಕರೆದು, ಹಲ್ಲು ನೋಯುತ್ತಿತ್ತು, ಅದಕ್ಕೆ ಬೈದೆ, ತಪ್ಪಾಯ್ತು ಎಂದಿದ್ದರಂತೆ. ‘ಈಗ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳ್ತಾನೆ’ ಎಂದರು.

ಕ್ಯಾಪ್ ಕೂರಿಸಿದ ದಿನ ಕೊಡುವ ಚೀಟಿಯಲ್ಲಿ ಈಗ ಒಂದು ಸಾಲು ಜಾಸ್ತಿ ಇದೆ: ಇಂಥ ತಾರೀಕಿನಿಂದ ಈ ಕಡೆಯೂ ಅಗಿಯಿರಿ. ತಾರೀಕನ್ನು ಕೈಯಾರೆ ಬರೆಯುತ್ತೇನೆ, ಓದಿಯೂ ಹೇಳುತ್ತೇನೆ.